ಜಾತ್ರೆಯಲ್ಲಿ ಕಳೆದ ಚಪ್ಪಲಿ: ಆರು, ಏಳನೇ ತರಗತಿಯ ಮಕ್ಕಳಿಗೆ ಓದು ಮತ್ತು ಅನುಭವ ಬರಹ ಕಲಿಸುವ ಬಗೆ

ಹಾವೇರಿ ಜಿಲ್ಲೆಯ ಬ್ಯಾಡಗಿ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಏಳನೇ ತರಗತಿಗೆ ‘ನಮ್ಮೂರ ಜಾತ್ರೆ’ ಅಂತ ಪ್ರಬಂಧ ಕೊಟ್ಟಿದ್ದೆ. 32 ಮಕ್ಕಳು ಬರೆದರು. 32 ನೋಟ್‌ಬುಕ್ಕುಗಳಲ್ಲೂ ಮೊದಲ ಸಾಲು ಒಂದೇ: ‘ನಮ್ಮ ಊರಿನಲ್ಲಿ ಪ್ರತಿ ವರ್ಷವೂ ಜಾತ್ರೆಯು ಬಹಳ ವಿಜೃಂಭಣೆಯಿಂದ ನಡೆಯುತ್ತದೆ.’ ತಿದ್ದುತ್ತಾ ಕೂತ ನನಗೇ ತೂಕಡಿಕೆ ಬಂತು.

ಮರುದಿನ ಬಿಸಿಯೂಟದ ಹೊತ್ತಿಗೆ ಅದೇ ತರಗತಿಯ ಹುಡುಗನೊಬ್ಬ ಗೆಳೆಯರಿಗೆ ಏನೋ ಹೇಳುತ್ತಿದ್ದ. ಕಿವಿಗೆ ಬಿತ್ತು. ತೇರು ಎಳೆಯುವಾಗ ಉತ್ತತ್ತಿ ಆರಿಸಲು ಇವನು ನುಗ್ಗಿದ್ದಾನೆ. ಬಲಗಾಲಿನ ಚಪ್ಪಲಿ ಹೋಗಿದೆ. ಹೊಸ ಚಪ್ಪಲಿ, ಕಾಕಾ ಕೊಡಿಸಿದ್ದು. ಒಂದೇ ಚಪ್ಪಲಿಯಲ್ಲಿ ಮನೆಗೆ ಹೋದರೆ ಅವ್ವ ಬಯ್ಯುತ್ತಾಳೆ ಅಂತ ಉಳಿದದ್ದನ್ನೂ ಬಳೆ ಅಂಗಡಿಯ ಹಿಂದೆ ಒಗೆದಿದ್ದಾನೆ. ‘ಎರಡೂ ಕಳುವಾದ್ವು’ ಅಂತ ಹೇಳಿ ಪಾರಾಗಿದ್ದಾನೆ. ಸಂಜೆ ನೋಡಿದರೆ ಕಾಕಾ ಅದೇ ಎಡಗಾಲಿನ ಚಪ್ಪಲಿ ಹಿಡಿದುಕೊಂಡು ಮನೆಗೆ ಬಂದಿದ್ದಾರೆ!

ಇಂಥ ಕಥೆ ಇಟ್ಟುಕೊಂಡ ಹುಡುಗ ನೋಟ್‌ಬುಕ್ಕಿನಲ್ಲಿ ‘ವಿಜೃಂಭಣೆ’ ಅಂತ ಬರೆದಿದ್ದ, ಅದೂ ತಪ್ಪಾಗಿ. ಬರೆಯೋದು ಅಂದರೆ ಹೀಗೇ ಅಂತ ಅವನಿಗೆ ಕಲಿಸಿದವರು ನಾವೇ ಅಲ್ವಾ?

ಆಮೇಲೆ ನಾನು ಕಲಿಸುವ ರೀತಿ ಬದಲಾಯಿತು. ಈಗ ಮಾಡುವುದನ್ನು ಒಂದೊಂದೇ ಹೆಜ್ಜೆಯಾಗಿ ಇಲ್ಲಿ ಬರೆಯುತ್ತೇನೆ. ಸುಮಾರು ಎಂಟು ವಾರದ ಕೆಲಸ. ವಾರಕ್ಕೆ ಎರಡು ಪಿರಿಯಡ್, ಜೊತೆಗೆ ದಿನಾ ಹತ್ತು ನಿಮಿಷದ ಓದು. ಓದು ಬೇರೆ, ಬರಹ ಬೇರೆ ಅಂತ ಇದರಲ್ಲಿ ಮಾಡಿಲ್ಲ. ಎರಡಕ್ಕೂ ಮಕ್ಕಳ ಬಾಯಿಮಾತೇ ಬಂಡವಾಳ.

1. ಯಾರು ಎಲ್ಲಿ ತಡವರಿಸುತ್ತಾರೆ, ಮೊದಲು ನೋಡಿ

ಆರನೇ ತರಗತಿಗೆ ಬಂದವರಿಗೆಲ್ಲ ಓದಲು ಬರುತ್ತದೆ ಅಂದುಕೊಂಡು ಶುರು ಮಾಡಬೇಡಿ. ‘ಅಸರ್’ ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದು ನೋಡುತ್ತಾರಲ್ಲ, ಅವರ ಅಳತೆ ಬಹಳ ಸರಳ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಅಲ್ಲಿಗೆ ಮುಗಿಯಿತು. ಆ ಕಥೆ ಓದಲು ಒದ್ದಾಡುವವರು ದೊಡ್ಡ ತರಗತಿಗಳಲ್ಲೂ ಇರುತ್ತಾರೆ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುವುದರಿಂದ ನಮಗೆ ಗೊತ್ತಾಗುವುದಿಲ್ಲ.

ನಾಲ್ಕನೇ ತರಗತಿಯ ಪಠ್ಯಪುಸ್ತಕದಿಂದ ಎಂಟು ಸಾಲು ಆರಿಸಿಕೊಳ್ಳಿ. ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದು ಓದಿಸಿ. ಎಲ್ಲರ ಎದುರು ಬೇಡ. ಹನ್ನೆರಡು ವರ್ಷದ ಹುಡುಗನಿಗೆ ತರಗತಿಯ ಮುಂದೆ ತಡವರಿಸುವುದಕ್ಕಿಂತ ಗೈರುಹಾಜರಾಗುವುದು ಸುಲಭ. ಒಬ್ಬರಿಗೆ ಎರಡು ನಿಮಿಷ ಸಾಕು. ದಿನಕ್ಕೆ ಏಳೆಂಟು ಮಕ್ಕಳಂತೆ ಒಂದು ವಾರದಲ್ಲಿ ತರಗತಿ ಮುಗಿಯುತ್ತದೆ.

‘ಓದುತ್ತಾನೆ’, ‘ಓದಲ್ಲ’ ಅಂತ ಎರಡೇ ಗುರುತು ಹಾಕಿದರೆ ಕೆಲಸಕ್ಕೆ ಬರುವುದಿಲ್ಲ. ಎಲ್ಲಿ ನಿಂತರು ಅನ್ನುವುದನ್ನು ಬರೆದುಕೊಳ್ಳಿ. ನಮ್ಮಲ್ಲಿ ಜಾಸ್ತಿ ಜನ ಎಡವುವುದು ಒತ್ತಕ್ಷರದಲ್ಲಿ. ಅದರಲ್ಲೂ ಅರ್ಕಾವತ್ತು. ‘ಸೂರ್ಯ’ ಅಂತ ಬರೆದಾಗ ಆ ಗುರುತು ‘ಯ’ ಅಕ್ಷರದ ಆಚೆ ಕೂತಿರುತ್ತದೆ, ಆದರೆ ‘ರ್’ ಸದ್ದು ‘ಯ’ಕ್ಕಿಂತ ಮೊದಲೇ ಬರಬೇಕು. ಕಣ್ಣು ಒಂದು ಹೇಳುತ್ತದೆ, ಬಾಯಿ ಇನ್ನೊಂದು ಹೇಳಬೇಕು. ಇದನ್ನು ಬೋರ್ಡಿನ ಮೇಲೆ ಒಮ್ಮೆ ಬಿಡಿಸಿ ತೋರಿಸಿ. ಆಮೇಲೆ ಸೂರ್ಯ, ಕಾರ್ಯ, ವರ್ಷ, ಮಾರ್ಗ ಅಂತ ಹತ್ತು ಪದ ಓದಿಸಿ. ವರ್ಷಗಟ್ಟಲೆ ಎಡವಿದವರು ಒಂದು ವಾರದಲ್ಲಿ ಸರಿಯಾದದ್ದನ್ನು ನೋಡಿದ್ದೇನೆ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

2. ದಿನಾ ಹತ್ತು ನಿಮಿಷ ನೀವು ಓದಿ, ಅವರು ಕೇಳಲಿ

ಆರನೇ ತರಗತಿಗೆ ಬಂದ ಕೂಡಲೇ ಮಕ್ಕಳಿಗೆ ಕಥೆ ಓದಿ ಹೇಳುವುದನ್ನು ನಾವು ಬಿಟ್ಟುಬಿಡುತ್ತೇವೆ, ಅವರೇನು ಸಣ್ಣವರಾ ಅಂತ. ಬಿಡಬೇಡಿ. ಬರಹದ ಕನ್ನಡ ಕಿವಿಗೆ ಬೀಳದೆ ಕೈಗೆ ಬರುವುದಿಲ್ಲ. ಮನೆಯಲ್ಲಿ ಪುಸ್ತಕ ಓದಿ ಹೇಳುವವರು ಇಲ್ಲದ ಮಕ್ಕಳಿಗಂತೂ ಅದು ಕೇಳುವುದು ನಮ್ಮ ಬಾಯಿಂದ ಮಾತ್ರ.

ತಮ್ಮ ವಯಸ್ಸಿನ ಹುಡುಗ ಹುಡುಗಿಯರಿರುವ ಕಥೆ ಆರಿಸಿ. ಮುಂದೇನು ಅಂತ ಅನ್ನಿಸುವ ಜಾಗದಲ್ಲಿ ಪುಸ್ತಕ ಮುಚ್ಚಿ. ಬಯ್ಯುತ್ತಾರೆ, ಬಯ್ಯಲಿ. ನಾಳೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಪುಸ್ತಕ ಎಲ್ಲಿಂದ? ಶಾಲೆಯ ಬೀರುವಿನ ಕೀಲಿ ತೆಗೆಸುವುದು ಮೊದಲ ಕೆಲಸ. ಎರಡನೆಯದು ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ‘ಅರಿವು ಕೇಂದ್ರ’ ಅನ್ನುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ತರಗತಿಯನ್ನೇ ಒಂದು ದಿನ ಸಾಲಾಗಿ ನಡೆಸಿಕೊಂಡು ಹೋಗಿ ಎಲ್ಲರ ಹೆಸರು ಬರೆಸಿ. ಇದಲ್ಲದೆ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಒಂದರಿಂದ ನಾಲ್ಕರವರೆಗೆ ಹಂತ ಹಾಕಿರುತ್ತಾರೆ. ತಡವರಿಸುವ ಮಕ್ಕಳಿಗೆ ಎರಡನೇ ಹಂತದ್ದು ಮುದ್ರಿಸಿ ಕೊಡಿ. ಹಂತದ ಸಂಖ್ಯೆ ಇರುವ ಪುಟ ಮಾತ್ರ ತೆಗೆದುಬಿಡಿ. ‘ನಂಗ ಸಣ್ಣ ಹುಡುಗರ ಪುಸ್ತಕ ಕೊಟ್ಟಾರ’ ಅನ್ನುವ ಮಾತು ಬರಬಾರದು.

ಜೊತೆಗೆ ಜೋಡಿ ಓದು. ಚೆನ್ನಾಗಿ ಓದುವವರು ಒಬ್ಬರು, ತಡವರಿಸುವವರು ಒಬ್ಬರು. ಒಂದೇ ಪುಟ ಮೂರು ದಿನ. ಮೊದಲ ದಿನ ಗೊತ್ತಿದ್ದವರು ಓದಬೇಕು, ಎರಡನೇ ದಿನ ಇಬ್ಬರೂ ಕೂಡಿ, ಮೂರನೇ ದಿನ ತಡವರಿಸುವವರು ಒಬ್ಬರೇ. ವಾರಕ್ಕೊಮ್ಮೆ ಜೋಡಿ ಬದಲಿಸಿ, ಇಲ್ಲದಿದ್ದರೆ ಜಗಳ.

3. ‘ಸಾರಾಂಶ ಬರೆಯಿರಿ’ ಸ್ವಲ್ಪ ದಿನ ಬಿಡಿ

ಓದಿದ ಮೇಲೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಯಾವ ಸಾಲಿನಲ್ಲಿ ಕಣ್ಣ ಮುಂದೆ ಚಿತ್ರ ಬಂತು? ಎಲ್ಲಿ ಬೇಜಾರು ಬಂತು? ಬರೆದವರು ಏನನ್ನು ಹೇಳದೆ ಬಿಟ್ಟಿದ್ದಾರೆ?

ಎರಡನೇ ಪ್ರಶ್ನೆಗೆ ಮೊದಮೊದಲು ಯಾರೂ ಬಾಯಿ ಬಿಡುವುದಿಲ್ಲ. ಪುಸ್ತಕ ಬೇಜಾರು ಅನ್ನಬಹುದು ಅಂತಲೇ ಗೊತ್ತಿರುವುದಿಲ್ಲ. ನೀವೇ ಮೊದಲು ಹೇಳಿ: ‘ನಂಗೆ ಈ ಎರಡನೇ ಪ್ಯಾರಾ ಸಾಕಾಯ್ತು.’ ಆಮೇಲೆ ನೋಡಿ.

ಒಂದು ದಿನ ಐದು ಕಥೆಗಳ ಮೊದಲ ಸಾಲನ್ನು ಮಾತ್ರ ಬೋರ್ಡಿನ ಮೇಲೆ ಬರೆಯಿರಿ. ಒಂದು ಮಾತಿನಿಂದ ಶುರುವಾಗಿರುತ್ತದೆ, ಒಂದು ಸದ್ದಿನಿಂದ, ಇನ್ನೊಂದು ಯಾರೋ ಓಡುತ್ತಿರುವಲ್ಲಿಂದ. ‘ಪ್ರತಿ ವರ್ಷವೂ’ ಅಂತ ಒಂದೂ ಶುರುವಾಗಿರುವುದಿಲ್ಲ. ಅದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ, ನೀವು ಹೇಳುವುದು ಬೇಡ.

4. ವಿಷಯ ಕೊಡಬೇಡಿ, ಗಾಯದ ಕಲೆ ತೋರಿಸಲು ಹೇಳಿ

‘ನಿಮ್ಮ ಜೀವನದ ಮರೆಯಲಾಗದ ಘಟನೆ’ ಅಂತ ಕೊಟ್ಟರೆ ಮಕ್ಕಳು ಹೆದರುತ್ತಾರೆ. ಹನ್ನೆರಡು ವರ್ಷಕ್ಕೆ ಮರೆಯಲಾಗದ್ದು ಏನಿರಬೇಕು ಪಾಪ? ದೊಡ್ಡದೇನಾದರೂ ಬೇಕು ಅಂತ ಯೋಚಿಸಿ, ಸಿಗದೆ, ಗೈಡ್ ನೋಡುತ್ತಾರೆ.

ನಾನು ಕೇಳುವುದು ಇಷ್ಟೇ: ‘ಮೈಮೇಲೆ ಗಾಯದ ಕಲೆ ಎಲ್ಲೆಲ್ಲಿ ಅದಾವ? ಒಂದನ್ನ ಆರಿಸ್ರಿ. ಹೆಂಗಾತು ಹೇಳ್ರಿ.’ ಕಲೆ ಇಲ್ಲದ ಮಗು ನನಗೆ ಇನ್ನೂ ಸಿಕ್ಕಿಲ್ಲ. ಮೊಣಕಾಲು, ಗದ್ದ, ಹುಬ್ಬು. ಬಂಡಿಯಿಂದ ಬಿದ್ದದ್ದು, ಕುಡಗೋಲು ತಾಗಿದ್ದು, ಅಣ್ಣನ ಸೈಕಲ್ಲು ಹೇಳದೆ ಒಯ್ದದ್ದು. ಐದು ನಿಮಿಷದಲ್ಲಿ ತರಗತಿ ಸಂತೆಯಾಗುತ್ತದೆ. ಹೆಡ್ ಮಾಸ್ತರು ಇಣುಕಿ ನೋಡಿದರೆ ಹೆದರಬೇಡಿ. ನಿಮ್ಮ ಕಲೆಯನ್ನೂ ತೋರಿಸಿ. ಕಲೆಯ ಬಗ್ಗೆ ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ, ಅಂಥ ಕಲೆಗಳೂ ಇರುತ್ತವೆ.

ಇನ್ನೊಂದು ದಾರಿ, ಓಣಿಯ ನಕ್ಷೆ. ತಮ್ಮ ಮನೆಯಿಂದ ಶಾಲೆಯವರೆಗೆ ಚಿತ್ರ ಬಿಡಿಸಿ, ಏನಾದರೂ ನಡೆದ ಐದು ಜಾಗಕ್ಕೆ ಗೆರೆ ಹಾಕಬೇಕು. ಬಾವಿ, ಗಿರಣಿ, ಬಸ್‌ಸ್ಟ್ಯಾಂಡು, ನಾಯಿ ಬೆನ್ನು ಹತ್ತಿದ ತಿರುವು. ಒಂದು ಗೆರೆ ಅಂದರೆ ಒಂದು ಬರಹ. ಈ ಹಾಳೆಯನ್ನು ನೋಟ್‌ಬುಕ್ಕಿಗೆ ಅಂಟಿಸಿಟ್ಟರೆ ವರ್ಷ ಪೂರ್ತಿ ‘ಏನ್ ಬರೀಲಿ’ ಅನ್ನುವ ಪ್ರಶ್ನೆ ಇರುವುದಿಲ್ಲ.

5. ಬರೆಯುವ ಮುಂಚೆ ಬಾಯಲ್ಲಿ ಹೇಳಿಸಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಇಬ್ಬಿಬ್ಬರು ಎದುರುಬದುರು ಕೂರಲಿ. ಒಬ್ಬರು ಎರಡು ನಿಮಿಷ ಹೇಳಬೇಕು. ಕೇಳಿದವರು ಮೂರು ಪ್ರಶ್ನೆ ಕೇಳಬೇಕು. ‘ಆಮ್ಯಾಲೆ?’ ಅನ್ನುವುದು ಪ್ರಶ್ನೆಯಲ್ಲ. ‘ಅವಾಗ ನಿನ್ನ ಕೈಯಾಗ ಏನಿತ್ತು?’, ‘ಅವರು ಏನಂದ್ರು, ಹಂಗ ಹೇಳು’ ಇಂಥವು ಪ್ರಶ್ನೆ.

ನಮ್ಮ ತರಗತಿಯ ಒಬ್ಬ ಹುಡುಗಿ ಮೊದಲು ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ ಬರೆದಿದ್ದಳು. ಖಾರ ಕಡಿಮೆ, ಬಣ್ಣ ಜಾಸ್ತಿ, 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಎಲ್ಲ ಸರಿ. ಆದರೆ ಅವಳು ಅದರಲ್ಲಿ ಎಲ್ಲೂ ಇರಲಿಲ್ಲ. ಹತ್ತಿರ ಕೂರಿಸಿಕೊಂಡೆ.

‘ಅಕ್ಕೋರ, ನಂದು ಬರಿಯಾಕ ಏನೂ ಇಲ್ರಿ.’

‘ನಿನ್ನೆ ಸಂಜೀಕ ಮನ್ಯಾಗ ಏನಾತು?’

‘ಏನೂ ಆಗಿಲ್ರಿ. ಅವ್ವ ತುಂಬು ಬಿಡಸಾಕ ಹೋಗಿದ್ಲು, ಬಂದ್ಲು.’

ಮೆಣಸಿನಕಾಯಿಯ ತೊಟ್ಟು ಕೀಳುವುದಕ್ಕೆ ನಮ್ಮಲ್ಲಿ ತುಂಬು ಬಿಡಿಸುವುದು ಅನ್ನುತ್ತಾರೆ. ಸೀಸನ್ನಿನಲ್ಲಿ ಎಷ್ಟೋ ಮನೆಯ ಹೆಂಗಸರಿಗೆ ಅದೇ ಕೂಲಿ.

‘ಬಂದು ಏನ್ ಮಾಡಿದ್ಲು?’

‘ತಮ್ಮ ಓಡಿ ಹ್ವಾದ. ಅವ್ವ ಮುಟ್ಟಲಿಲ್ರಿ. ಹಿಂಗ ಎತ್ಕೊಂಡ್ಲು.’

ಹೇಳುತ್ತಾ ಹುಡುಗಿ ಎರಡೂ ಮೊಣಕೈ ಮುಂದೆ ಚಾಚಿ, ಬೆರಳುಗಳನ್ನು ಆಚೆ ತಿರುಗಿಸಿ ತೋರಿಸಿದಳು. ಖಾರ ಕಡಿಮೆ ಅನ್ನುವುದು ಪುಸ್ತಕದ ಲೆಕ್ಕ. ದಿನವೆಲ್ಲಾ ತುಂಬು ಬಿಡಿಸಿದ ಕೈ ಮಗುವಿನ ಮೈಗೆ ತಾಗಿದರೆ ಉರಿಯುತ್ತದೆ. ‘ಈಗ ಹೇಳಿದ್ದನ್ನೇ ಬರಿ’ ಅಂದೆ. ಅವಳು ಬರೆದದ್ದು ಇದು:

‘ಅವ್ವ ಸಂಜೆ ಆರಕ್ಕೆ ಬಂದಳು. ತಮ್ಮ ಓಡಿ ಹೋದ. “ಮುಟ್ಟಬ್ಯಾಡೋ, ಕೈ ಖಾರ ಅದಾವ” ಅಂದಳು. ಅವನು ಅಳತೊಡಗಿದ. ಅವ್ವ ಎರಡು ಮೊಣಕೈಯಿಂದ ಅವನನ್ನು ಎತ್ತಿಕೊಂಡಳು. ಬೆರಳು ಗಾಳಿಯಲ್ಲೇ ಇದ್ದವು.’

ಇದರಲ್ಲಿ ನಾನು ತಿದ್ದಿದ್ದು ಎರಡು ಕಾಗುಣಿತ.

6. ಇಪ್ಪತ್ತು ನಿಮಿಷ, ಪೆನ್ನು ನಿಲ್ಲಿಸದೆ

ಹೇಳಿದ ತಕ್ಷಣ ಬರೆಯಬೇಕು, ಮನೆಗೆಲಸಕ್ಕೆ ಕೊಟ್ಟರೆ ಆರಿಹೋಗುತ್ತದೆ. ಅಳಿಸುವುದು, ಪಕ್ಕದವರ ಸ್ಪೆಲ್ಲಿಂಗ್ ನೋಡುವುದು ಬೇಡ. ಗೊತ್ತಿಲ್ಲದ ಪದಕ್ಕೆ ಕೆಳಗೆ ಗೆರೆ ಎಳೆದು ಮುಂದೆ ಹೋಗಲಿ. ಸಾಲು ಬಿಟ್ಟು ಸಾಲು ಬರೆಯಲಿ, ಆಮೇಲೆ ಸೇರಿಸಲು ಜಾಗ ಬೇಕು. ಅವರು ಬರೆಯುವಾಗ ನೀವೂ ಕೂತು ಬರೆಯಿರಿ, ಮೊಬೈಲ್ ನೋಡಬೇಡಿ. ಅವರು ನೋಡುತ್ತಿರುತ್ತಾರೆ.

ಬರೆಯಲು ಬಾರದವರನ್ನು ಏನು ಮಾಡುವುದು? ಅವರಿಗೆ ನೀವೇ ಗುಮಾಸ್ತರಾಗಿ. ಹುಡುಗ ಹೇಳಲಿ, ನೀವು ಹೇಳಿದ ಹಾಗೇ ಬರೆಯಿರಿ, ನಾಲ್ಕೈದು ಸಾಲು ಸಾಕು. ‘ನಾ ಬಾವ್ಯಾಗ ಬಿದ್ದೆ’ ಅಂದರೆ ಹಾಗೇ ಬರೆಯಿರಿ. ಮರುದಿನ ಅದನ್ನು ಅವನೇ ಓದಲಿ. ಪಠ್ಯಪುಸ್ತಕದ ಎರಡು ಸಾಲಿಗೆ ಬೆವರುವ ಹುಡುಗ ಇದನ್ನು ಓದುತ್ತಾನೆ, ಯಾಕಂದರೆ ಮುಂದಿನ ಪದ ಯಾವುದು ಅಂತ ಅವನಿಗೆ ಗೊತ್ತು. ಮೂರನೇ ದಿನ ನೋಡಿ ಬರೆಯಲಿ. ನಾಲ್ಕನೇ ದಿನ ಸಾಲುಗಳನ್ನು ಕತ್ತರಿಸಿ ಚೀಟಿ ಮಾಡಿ ಕೊಡಿ, ಜೋಡಿಸಲಿ. ಹೀಗೆ ಎಂಟು ಹತ್ತು ಬರಹ ಆಗುವಷ್ಟರಲ್ಲಿ ಅವನ ಕೈಯಲ್ಲಿ ಅವನದೇ ಒಂದು ಸಣ್ಣ ಓದುಪುಸ್ತಕ ಇರುತ್ತದೆ. ನಾನು ಕಂಡಂತೆ ದೊಡ್ಡ ಮಕ್ಕಳಿಗೆ ಮತ್ತೆ ಅಕ್ಷರಮಾಲೆ ತೋರಿಸುವುದಕ್ಕಿಂತ ಇದು ಬೇಗ ಹತ್ತುತ್ತದೆ, ಮರ್ಯಾದೆಯೂ ಉಳಿಯುತ್ತದೆ.

7. ‘ಮನಿ’ ಬರೆದರೆ ತಪ್ಪಾ?

ನಮ್ಮ ಕಡೆಯ ಶಿಕ್ಷಕರಿಗೆಲ್ಲ ಇದು ಗಂಟಲಲ್ಲಿ ಸಿಕ್ಕುವ ಪ್ರಶ್ನೆ. ಮಕ್ಕಳು ಮನೆಗೆ ‘ಮನಿ’, ತಲೆಗೆ ‘ತಲಿ’, ಶಾಲೆಗೆ ‘ಸಾಲಿ’ ಬರೆಯುತ್ತಾರೆ. ಅದು ಅಜಾಗರೂಕತೆಯಲ್ಲ. ಕಿವಿ ಕೇಳಿದ್ದನ್ನು ಕೈ ಸರಿಯಾಗಿಯೇ ಬರೆದಿದೆ. ಕಾಗುಣಿತದ ತಪ್ಪು ಬೇರೆ, ಇದು ಬೇರೆ. ಎರಡಕ್ಕೂ ಒಂದೇ ಕೆಂಪು ಸೊನ್ನೆ ಸುತ್ತಬೇಡಿ.

ನನ್ನ ನಿಯಮ ಹೀಗಿದೆ. ಯಾರಾದರೂ ಆಡಿದ ಮಾತು ಬಂದರೆ ಆಡಿದ ಹಾಗೇ ಇರಲಿ. ಅವ್ವ ‘ಮುಟ್ಟಬೇಡ’ ಅಂದಿಲ್ಲ, ‘ಮುಟ್ಟಬ್ಯಾಡೋ’ ಅಂದಿದ್ದಾಳೆ. ಕಥೆ ಹೇಳುವ ಸಾಲುಗಳನ್ನು ಮೊದಲ ಸಲ ಹೇಗೆ ಬೇಕಾದರೂ ಬರೆಯಲಿ, ಕೊನೆಯ ಪ್ರತಿ ಮಾಡುವಾಗ ಪುಸ್ತಕದ ರೂಪ ಪಕ್ಕದಲ್ಲಿ ಬರೆದು ತೋರಿಸಿ. ಪರೀಕ್ಷೆಗೆ ‘ಮನೆ’ ಬೇಕೇ ಬೇಕು, ಅದನ್ನೂ ಮುಚ್ಚಿಡದೆ ಹೇಳಿ. ಆಡುಮಾತು ಬರಹಕ್ಕೆ ಸಲ್ಲದು ಅಂತ ಯಾರಾದರೂ ಹುಬ್ಬೇರಿಸಿದರೆ, ಧಾರವಾಡದ ಸಾಧನಕೇರಿಯಲ್ಲಿದ್ದ ಬೇಂದ್ರೆಯವರು ಇದೇ ಮಾತಿನಲ್ಲಿ ಎಷ್ಟೊಂದು ಕವಿತೆ ಬರೆದರು ಅನ್ನುವುದನ್ನು ನೆನಪಿಸಿ. ನಮ್ಮದೇ ಜಿಲ್ಲೆಯ ಶಿಶುನಾಳದ ಶರೀಫರ ತತ್ವಪದಗಳೂ ಇದೇ ಮಾತಿನವು.

8. ತಿದ್ದುವುದು ಅಂದರೆ ಒಂದೇ ಜಾಗ ಹಿಗ್ಗಿಸುವುದು

ಚಪ್ಪಲಿ ಹುಡುಗನ ಕೈಯಲ್ಲಿ ಕೊನೆಗೂ ಬರೆಸಿದೆ. ಮೊದಲ ಪ್ರತಿ ಹೀಗಿತ್ತು: ‘ನಾನು ಜಾತ್ರೆಗೆ ಹೋದೆ. ತೇರು ಎಳೆದರು. ಉತ್ತತ್ತಿ ಆರಿಸಿದೆ. ಚಪ್ಪಲಿ ಕಳೆಯಿತು. ಇನ್ನೊಂದು ಒಗೆದೆ. ಮನೆಗೆ ಬಂದೆ. ಕಾಕಾ ಚಪ್ಪಲಿ ತಂದರು. ಅವ್ವ ಬಯ್ದಳು. ಬಹಳ ಬೇಜಾರಾಯಿತು.’

ಮೈಮೇಲೆ ಮಾಂಸವೇ ಇಲ್ಲದ ಎಲುಬಿನ ಗೂಡು. ‘ಇನ್ನೂ ವಿವರವಾಗಿ ಬರೆ’ ಅಂದರೆ ಎಲ್ಲ ಕಡೆ ಒಂದೊಂದು ವಿಶೇಷಣ ಸೇರಿಸಿ ತರುತ್ತಾನೆ, ಅಷ್ಟೇ. ಅದಕ್ಕೇ ಕೇಳಿದೆ: ‘ಇದರಾಗ ಎದಿ ಜಾಸ್ತಿ ಢವಢವ ಅಂದದ್ದು ಎಲ್ಲಿ?’ ‘ಒಗಿಯೋ ಮುಂದ ರಿ.’ ‘ಎಷ್ಟೊತ್ತು ನಿಂತಿದ್ದಿ ಅಲ್ಲಿ?’ ‘ಭಾಳೊತ್ತು ರಿ.’ ‘ಮತ್ತ ಎರಡ ಪದದಾಗ ಮುಗಿಸಿಯಲ್ಲೋ!’ ಉಳಿದದ್ದನ್ನು ಮುಟ್ಟಬೇಡ, ಆ ಜಾಗವನ್ನು ಮಾತ್ರ ಆರು ಸಾಲು ಮಾಡು ಅಂದೆ. ಬಂದದ್ದು:

‘ಬಳೆ ಅಂಗಡಿ ಹಿಂದೆ ಹೋದೆ. ಯಾರೂ ಇರಲಿಲ್ಲ. ಒಂದು ನಾಯಿ ಇತ್ತು. ಎಡಗಾಲಿನ ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದೆ. ಅದರ ತಳಕ್ಕೆ ರೇಟಿನ ಚೀಟಿ ಇನ್ನೂ ಇತ್ತು. ಒಗೆದೆ. ನಾಯಿ ಅದನ್ನು ಮೂಸಿ ನೋಡಿ ಬಿಟ್ಟು ಹೋಯಿತು.’

ಆ ರೇಟಿನ ಚೀಟಿ ನಾನು ಕಲಿಸಿದ್ದಲ್ಲ. ಹಿಗ್ಗಿಸಿದ ಮೇಲೆ ‘ಬಹಳ ಬೇಜಾರಾಯಿತು’ ಅನ್ನುವ ಸಾಲನ್ನು ಅವನೇ ಹೊಡೆದು ಹಾಕಿದ.

ಕೆಂಪು ಪೆನ್ನಿನ ವಿಷಯಕ್ಕೆ ಒಂದು ಮಾತು. ಒಂದು ಬರಹಕ್ಕೆ ಎರಡೇ ಬಗೆಯ ತಪ್ಪು ಆರಿಸಿಕೊಳ್ಳಿ. ಈ ಸಲ ‘ಲ’, ‘ಳ’. ಮುಂದಿನ ಸಲ ಪೂರ್ಣವಿರಾಮ. ಎಲ್ಲ ತಿದ್ದಿದ ಹಾಳೆಯನ್ನು ಯಾವ ಮಗುವೂ ಮತ್ತೆ ತೆಗೆದು ನೋಡುವುದಿಲ್ಲ.

9. ಮಡಚಿದ ಹಾಳೆ ಎಲ್ಲರ ಮುಂದೆ ಓದಬಾರದು

ನನ್ನ ಒಂದು ತಪ್ಪು ಹೇಳಿಬಿಡುತ್ತೇನೆ. ಒಬ್ಬ ಹುಡುಗ ಅಪ್ಪ ಕುಡಿದು ಬಂದ ರಾತ್ರಿಯ ಬಗ್ಗೆ ಬರೆದಿದ್ದ. ಬಹಳ ಚೆನ್ನಾಗಿತ್ತು. ಆ ಖುಷಿಗೆ ನಾನು ಅವನನ್ನು ಕೇಳದೆ ತರಗತಿಯಲ್ಲಿ ಓದಿಬಿಟ್ಟೆ, ಹೆಸರು ಹೇಳಲಿಲ್ಲ ಅಂತ ಸಮಾಧಾನ ಮಾಡಿಕೊಂಡು. ಊರು ಸಣ್ಣದು, ಎಲ್ಲರಿಗೂ ಗೊತ್ತಾಯಿತು. ಅವನು ಆ ವರ್ಷ ಮತ್ತೆ ಮೂರು ಸಾಲಿಗಿಂತ ಜಾಸ್ತಿ ಬರೆಯಲಿಲ್ಲ.

ಈಗ ನಿಯಮ ಇದೆ. ಹಾಳೆ ಅರ್ಧಕ್ಕೆ ಮಡಚಿ ಕೊಟ್ಟರೆ ಅದನ್ನು ನಾನು ಮಾತ್ರ ಓದುತ್ತೇನೆ. ಗೋಡೆಗೆ ಹಚ್ಚುವುದಿಲ್ಲ, ಸ್ಟಾಫ್ ರೂಮಿನಲ್ಲಿ ಮಾತಾಡುವುದಿಲ್ಲ. ಒಂದಕ್ಕೆ ಮಾತ್ರ ಹೊರತು: ಮಗುವಿಗೆ ಯಾರೋ ಹೊಡೆಯುತ್ತಿದ್ದಾರೆ, ಕಿರುಕುಳ ಕೊಡುತ್ತಿದ್ದಾರೆ, ಮದುವೆ ಮಾಡಲು ಹೊರಟಿದ್ದಾರೆ ಅಂತ ಬರಹದಲ್ಲಿ ಕಂಡರೆ ಸುಮ್ಮನಿರುವಂತಿಲ್ಲ. ಮಗುವಿನ ಜೊತೆ ಒಬ್ಬರೇ ಮಾತಾಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಗುಟ್ಟು ಕಾಯುವ ನಿಯಮಕ್ಕೆ ಈ ಹೊರತು ಇದೆ ಅಂತ ಮಕ್ಕಳಿಗೆ ಮೊದಲ ದಿನವೇ ಹೇಳಿರಬೇಕು.

10. ಬರೆದದ್ದನ್ನು ಯಾರಾದರೂ ಓದಬೇಕು

ಅಂಕದ ಚಿಂತೆ ಇರುವವರಿಗೆ: ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ (ಕಲಿಕೆಯ ನಡುವೆಯೇ ತರಗತಿಯಲ್ಲಿ ಮಾಡುವ ಅಳತೆ) ಒಂದರ ಚಟುವಟಿಕೆಯಾಗಿ ಇದನ್ನೇ ತೋರಿಸಬಹುದು. ಮೊದಲ ಪ್ರತಿ, ಕೊನೆಯ ಪ್ರತಿ ಎರಡನ್ನೂ ಸೇರಿಸಿ ಪಿನ್ ಮಾಡಿ. ನಡುವೆ ಏನು ಬದಲಾಯಿತು ಅನ್ನುವುದಕ್ಕೆ ಅಂಕ ಕೊಡಿ, ಕೈಬರಹದ ಅಂದಕ್ಕಲ್ಲ.

ಗೋಡೆ ಪತ್ರಿಕೆ ಎಲ್ಲ ಶಾಲೆಯಲ್ಲೂ ಇದೆ, ಅದು ಸರಿ. ಆದರೆ ಕೈಬರಹದ ಪತ್ರಿಕೆಯ ಖುಷಿಯೇ ಬೇರೆ. ಎ4 ಹಾಳೆಯ ಒಂದೇ ಬದಿಗೆ, ಕಪ್ಪು ಪೆನ್ನಿನಲ್ಲಿ, ಎಡಕ್ಕೆ ಎರಡು ಬೆರಳು ಜಾಗ ಬಿಟ್ಟು ಬರೆಸಿ. ನೀಲಿ ಜೆರಾಕ್ಸಿನಲ್ಲಿ ಮಸುಕಾಗುತ್ತದೆ. ಮೂರು ಪ್ರತಿ ಜೆರಾಕ್ಸ್ ಮಾಡಿಸಿ, ಗೋಣಿಚೀಲ ಹೊಲಿಯುವ ದಾರದಿಂದ ಹೊಲಿಯಿರಿ. ಒಂದು ಶಾಲೆಗೆ, ಒಂದು ಅರಿವು ಕೇಂದ್ರಕ್ಕೆ, ಒಂದು ಮನೆಮನೆ ತಿರುಗಲು. ಪಾಲಕರು ಶಾಲೆಗೆ ಬರುವ ‘ಸಮುದಾಯದತ್ತ ಶಾಲೆ’ ಸಭೆಯ ದಿನ ಇಬ್ಬರು ಮೂವರು ಓದಲಿ, ಭಾಷಣ ಸ್ವಲ್ಪ ಕಡಿಮೆಯಾದರೆ ಯಾರೂ ಬೇಜಾರಾಗುವುದಿಲ್ಲ.

ಪತ್ರಿಕೆಯ ಕೊನೆಗೆ ಎರಡು ಪುಟ ಖಾಲಿ ಬಿಟ್ಟು, ‘ಓದಿದವರು ಬರೆಯಿರಿ’ ಅಂತ ಹಾಕಿ. ನಮ್ಮ ಮೊದಲ ಸಂಚಿಕೆ ಮನೆಮನೆ ತಿರುಗಿ ವಾಪಸ್ ಬಂದಾಗ ಆ ಪುಟದಲ್ಲಿ ಮೂರು ಜನ ಬರೆದಿದ್ದರು. ಮೂರನೆಯದು ಚಪ್ಪಲಿ ಹುಡುಗನ ಕಾಕಾನ ಅಕ್ಷರ: ‘ನಾಯಿ ಬಿಟ್ಟು ಹೋಯಿತು ಎಂಬುದು ಸುಳ್ಳು. ಚಪ್ಪಲಿ ನನಗೆ ಸಿಕ್ಕಿದ್ದು ಅದರ ಬಾಯಾಗ.’